ಮೊದಲು ಜಗಲಿ, ಆಮೇಲೆ ವೇದಿಕೆ

ಊರಿನ ಜನರನ್ನು ಒಂದು ಕಾರ್ಯಕ್ಕೆ ಒಗ್ಗೂಡಿಸುವುದು ಹೇಗೆಂದು ತರುಣರು ನನ್ನನ್ನು ಆಗಾಗ ಕೇಳುವುದುಂಟು. ಉತ್ತರಿಸುವ ಮುನ್ನ, ಕೇಳುಗರೇ, ನನ್ನದೊಂದು ಸೋಲನ್ನು ನಿಮ್ಮ ಮುಂದಿಡುತ್ತೇನೆ.

ವ್ಯಾಸಂಗ ಮುಗಿಸಿ 1986ರಲ್ಲಿ ಊರಿಗೆ ಮರಳಿದಾಗ, ನಮ್ಮೂರ ಕೆರೆಯ ಹೂಳೆತ್ತಿಸಬೇಕೆಂಬ ಹುರುಪು ನನಗಿತ್ತು. ಕರಪತ್ರ ಅಚ್ಚು ಹಾಕಿಸಿದೆ, ಧ್ವನಿವರ್ಧಕ ತರಿಸಿದೆ, ಸಂಜೆ ಐದಕ್ಕೆ ದೇವಸ್ಥಾನದ ಅಂಗಳದಲ್ಲಿ ಸಭೆ ಕರೆದೆ. ಬಂದವರು ಹನ್ನೊಂದು ಮಂದಿ. ಅವರಲ್ಲಿ ಧ್ವನಿವರ್ಧಕದವನೂ ಒಬ್ಬ. ಜನರಿಗೆ ಊರಿನ ಹಿತದ ಪರಿವೆಯೇ ಇಲ್ಲವೆಂದು ನೊಂದುಕೊಂಡೆ.

ಮರುದಿನ ನೆರೆಮನೆಯ ಅಜ್ಜಿ ಹೇಳಿದರು: “ಅಲ್ಲ ಮಗಾ, ಹಾಲು ಕರೆಯೋ ಹೊತ್ತಿಗೆ ಕರೆದರೆ ಯಾರು ಬರ್ತಾರೆ? ಅದಿರಲಿ, ಕೆರೆ ವಿಚಾರ ನಮ್ಮನ್ನ ಕೇಳಿದ್ಯಾ? ತೂಬು ಒಡೆದು ಮೂರು ವರ್ಷ ಆಯ್ತು. ನಿಂತ ನೀರೇ ಸೋರಿ ಹೋಗ್ತಿರುವಾಗ ಹೂಳು ತೆಗೆದು ಏನು ಮಾಡ್ತೀಯ?”

ನಾನು ತೂಬಿನ ಕಡೆ ನೋಡಿಯೇ ಇರಲಿಲ್ಲ. ದೇವಸ್ಥಾನದ ಅಂಗಳಕ್ಕೆ ನೀರಗಂಟಿಯ ಕೇರಿಯವರು ಬಂದರೂ ಹೊರಗೇ ನಿಲ್ಲಬೇಕಾಗುತ್ತಿತ್ತು ಎಂಬುದೂ ನನಗೆ ಹೊಳೆದಿರಲಿಲ್ಲ. ಕೆರೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನನ್ನೇ ಹೊರಗಿಟ್ಟು ನಾನು ಸಭೆ ಕರೆದಿದ್ದೆ.

ಇದಕ್ಕೆ ಮೂರು ವರ್ಷ ಮೊದಲೇ ಸಿರ್ಸಿ ತಾಲ್ಲೂಕಿನ ಸಾಲ್ಕಣಿಯ ಜನ ಸಂಘಟನೆಯ ಅರ್ಥವನ್ನು ನಾಡಿಗೆ ತೋರಿಸಿದ್ದರು. 1983ರ ಸೆಪ್ಟೆಂಬರ್ 8ರಂದು ಅಲ್ಲಿನ ಹೆಂಗಸರು, ಗಂಡಸರು, ತರುಣರು, 150ಕ್ಕೂ ಹೆಚ್ಚು ಮಂದಿ, ಕಾಡಿಗೆ ನಡೆದುಹೋಗಿ ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡರು. 38 ದಿನ ಪಟ್ಟು ಬಿಡಲಿಲ್ಲ. ಹಿಮಾಲಯದ ಚಿಪ್ಕೊ ಅವರಿಗೆ ಸ್ಫೂರ್ತಿಯಾಗಿದ್ದುದು ನಿಜ. ಆದರೆ ಅವರನ್ನು ಕಾಡಿಗೆ ನಡೆಸಿದ್ದು ದೂರದ ಆದರ್ಶವೊಂದೇ ಅಲ್ಲ. ಅಡಕೆ ತೋಟಕ್ಕೆ ಸೊಪ್ಪು, ಒಲೆಗೆ ಸೌದೆ, ಬೇಸಿಗೆಯಲ್ಲೂ ಬತ್ತದ ಹಳ್ಳ: ಇವೆಲ್ಲ ಆ ಕಾಡಿನಿಂದಲೇ ಬರಬೇಕಿತ್ತು. ಮುಂದಾಳಾಗಿ ನಿಂತದ್ದು ಊರಿನ ಯುವಕ ಮಂಡಳಿ. ಹೊಸದಾಗಿ ಕಟ್ಟಿದ ಸಂಸ್ಥೆಯಲ್ಲ. ‘ಉಳಿಸು, ಬೆಳೆಸು, ಬಳಸು’ ಎಂಬ ಅಪ್ಪಿಕೊ ಚಳವಳಿಯ ಮೂರು ಮಾತುಗಳು ಅಕ್ಷರ ಬಾರದವರಿಗೂ ಅರ್ಥವಾಗುವಂತಿದ್ದವು.

ಆದುದರಿಂದ, ಆರಂಭಿಸುವವರಿಗೆ ನಾನು ಹೇಳುವುದಿಷ್ಟು. ಮೊದಲ ತಿಂಗಳು ಸಭೆ ಬೇಡ, ಭಾಷಣ ಬೇಡ. ಮನೆಮನೆಯ ಜಗಲಿಯ ಮೇಲೆ ಕುಳಿತು ಕೇಳಿರಿ. ಎಲ್ಲ ಕೇರಿಗಳಿಗೂ ಹೋಗಿರಿ. ಹತ್ತು ಮನೆಗಳಲ್ಲಿ ಒಂದೇ ನೋವು ಕೇಳಿಬಂದರೆ ಅದನ್ನು ಹಿಡಿಯಿರಿ. ಸಭೆ ಕರೆಯುವಾಗ ಎಲ್ಲರೂ ಸಮನಾಗಿ ಕುಳಿತುಕೊಳ್ಳಬಹುದಾದ ಸ್ಥಳವನ್ನೂ, ಹೆಂಗಸರಿಗೆ ಬಿಡುವಾಗುವ ವೇಳೆಯನ್ನೂ ಆರಿಸಿರಿ. ಮೊದಲ ಕೆಲಸ ಒಂದು ಬೇಸಿಗೆಯಲ್ಲಿ ಮುಗಿಯುವಷ್ಟು ಚಿಕ್ಕದಾಗಿರಲಿ. ಗೆದ್ದ ಜನ ಎರಡನೆಯ ಕೆಲಸಕ್ಕೆ ತಾವಾಗಿಯೇ ಬರುತ್ತಾರೆ. ಕೂಡಿಸಿದ ಹಣದ ಲೆಕ್ಕವನ್ನು ಎಲ್ಲರೆದುರು ಗಟ್ಟಿಯಾಗಿ ಓದಿರಿ. ಗುಮಾನಿಯೊಂದು ಹುಟ್ಟಿತೆಂದರೆ ಸಂಘ ಉಳಿಯದು. ಅಧಿಕಾರಿಗಳ ಬಳಿಗೆ ಹೋಗುವಾಗ ಒಬ್ಬರೇ ಹೋಗಬೇಡಿ. ಪ್ರತಿ ಸಲವೂ ಹೊಸಬರಿಬ್ಬರನ್ನು ಕರೆದೊಯ್ದು, ಮಾತನ್ನು ಅವರಿಗೇ ಬಿಡಿ. ಎದುರು ಹಾಕಿಕೊಂಡದ್ದರ ಫಲವನ್ನು ಉಣ್ಣಬೇಕಾದವರು ಅವರು. ಆದ್ದರಿಂದ ತೀರ್ಮಾನವೂ ಅವರದಾಗಿರಬೇಕು.

ಮುಂದಿನ ಬೇಸಿಗೆಯಲ್ಲಿ ಕೆರೆ ಏರಿಯ ಆಲದ ಕೆಳಗೆ ಎರಡನೆಯ ಸಭೆ ಸೇರಿತು. ಧ್ವನಿವರ್ಧಕವಿರಲಿಲ್ಲ. ನೀರಗಂಟಿ ಮಾತಾಡಿದ, ಅಚ್ಚುಕಟ್ಟಿನ ಕೊನೆಯ ಗದ್ದೆಯವರು ಮಾತಾಡಿದರು, ನಾನು ಬರೆದುಕೊಂಡೆ. ಮಳೆಗಾಲಕ್ಕೆ ಮುಂಚೆ ತೂಬು ದುರಸ್ತಿಯಾಯಿತು.

ಹೂಳೆತ್ತಿದ್ದು 1990ರಲ್ಲಿ. ಆಗ ನಾನು ಉದ್ಯೋಗದ ನಿಮಿತ್ತ ದೂರದ ಪಟ್ಟಣದಲ್ಲಿದ್ದೆ. ಕೆಲಸ ಮುಗಿದ ಮೇಲೆ ಕಾಗದ ಬಂತು. ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದು ಅರೆಗಳಿಗೆ ಮನಸ್ಸು ಮುದುಡಿತು. ಆಮೇಲೆ ತಿಳಿಯಿತು: ನಾನು ಕಲಿಯಬೇಕಾಗಿದ್ದ ಪಾಠದ ಕೊನೆಯ ಸಾಲು ಅದೇ ಆಗಿತ್ತು.