ಬೀದಿಪಾಲಾಗುವ ಮುನ್ನ

ಮನೆ ಕಳೆದುಕೊಂಡ ಸಂಸಾರವನ್ನು ಕುರಿತು 'ಬೀದಿಪಾಲಾಯಿತು' ಎನ್ನುವುದು ನಮ್ಮ ಭಾಷೆಯ ವಾಡಿಕೆ. ಉರಿಗೆ ಬಿದ್ದದ್ದು ಬೆಂಕಿಯ ಪಾಲು, ಹೊಳೆಗೆ ಬಿದ್ದದ್ದು ನೀರಿನ ಪಾಲು. ಹಾಗೆಯೇ ಮನೆಯಿಂದ ಹೊರಬಿದ್ದವರು ಬೀದಿಯ ಪಾಲು. ಪಾಲು ಹಂಚಿಯಾಗಿದೆ, ಇನ್ನು ಮರಳಿ ಕೇಳುವಂತಿಲ್ಲ ಎಂಬ ಧ್ವನಿ ಈ ಮಾತಿನಲ್ಲಿ ಅಡಗಿದೆ. ಆದರೆ ಯಾವ ಸಂಸಾರವೂ ಹೀಗೆ ಒಮ್ಮೆಗೇ ಬೀಳುವುದಿಲ್ಲ. ಅದಕ್ಕೆ ಮೊದಲು ಬಾಡಿಗೆ ನಿಂತ ಒಂದು ತಿಂಗಳಿರುತ್ತದೆ, ಮನೆಯೊಡೆಯನ ಒಂದು ಕಾಗದವಿರುತ್ತದೆ, ನ್ಯಾಯಾಲಯದ ಒಂದು ದಿನವಿರುತ್ತದೆ. ಈ ನಡುವಣ ಕೆಲವೇ ದಿನಗಳಲ್ಲಿ ಕೈನೀಡುವುದನ್ನು ತಮ್ಮ ಕೆಲಸವಾಗಿ ಮಾಡಿಕೊಂಡ ಜನ ಅಮೆರಿಕದ ಅನೇಕ ಊರುಗಳಲ್ಲಿ ಇದ್ದಾರೆ. ಅವರು ಸಂತ ವಿನ್ಸೆಂಟ್ ದ ಪಾಲ್ ಸಂಘದ ಸ್ಥಳೀಯ ಶಾಖೆಗಳ ಸ್ವಯಂಸೇವಕರು. ಸಾಹಿತ್ಯದ ವಿದ್ಯಾರ್ಥಿಗಳು ಈ ಸಂಘದ ಹುಟ್ಟನ್ನು ತಿಳಿದಿರುವುದು ಒಳ್ಳೆಯದು. ಅದು ಹುಟ್ಟಿದ್ದು ಒಂದು ಚರ್ಚಾಕೂಟದಲ್ಲಿ, ಹುಟ್ಟಿಸಿದವರಲ್ಲಿ ಮುಖ್ಯನಾದವನು ಮುಂದೆ ಸಾಹಿತ್ಯದ ಅಧ್ಯಾಪಕನಾದ.

ಆತನ ಹೆಸರು ಫ್ರೆಡೆರಿಕ್ ಓಜಾನಾಂ. ೧೮೧೩ರಲ್ಲಿ ಮಿಲಾನಿನಲ್ಲಿ ಹುಟ್ಟಿ, ಫ್ರಾನ್ಸಿನ ಲಿಯಾನ್ ನಗರದಲ್ಲಿ ಬೆಳೆದು, ನ್ಯಾಯಶಾಸ್ತ್ರವನ್ನೋದಲು ೧೮೩೧ರಲ್ಲಿ ಪ್ಯಾರಿಸ್ಸಿಗೆ ಬಂದ. ಮರುವರ್ಷ ಆ ನಗರವನ್ನು ಕಾಲರಾ ಮುತ್ತಿತು. ವಿದ್ಯಾರ್ಥಿಗಳೋ ಕೂಟ ಕಟ್ಟಿಕೊಂಡು ಇತಿಹಾಸ, ಧರ್ಮ, ತತ್ತ್ವಗಳನ್ನು ಕುರಿತು ವಾದ ಹೂಡುತ್ತಿದ್ದರು. ನಿಮ್ಮ ಧರ್ಮ ಹಿಂದೆ ಏನು ಮಾಡಿತೆಂಬುದಿರಲಿ, ಇಂದು ಈ ಬಡವರಿಗಾಗಿ ನೀವು ಮಾಡುತ್ತಿರುವುದೇನು ಎಂದು ಎದುರುಪಕ್ಷದವನೊಬ್ಬ ಕೇಳಿದನಂತೆ. ವಾದದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ೧೮೩೩ರ ಏಪ್ರಿಲ್ ೨೩ರಂದು, ಓಜಾನಾಂಗೆ ಇಪ್ಪತ್ತು ತುಂಬಿದ ದಿನವೇ, ಕೆಲವರು ಗೆಳೆಯರು ಸೇರಿ ಸಂಘವನ್ನು ಆರಂಭಿಸಿದರು. ಇಂದಿಗೂ ಅದರ ಸ್ಥಳೀಯ ಶಾಖೆಗೆ 'ಕಾನ್ಫರೆನ್ಸ್' ಎಂದೇ ಹೆಸರು. ಚರ್ಚಾಕೂಟದ ಹೆಸರು ಹಾಗೆಯೇ ಉಳಿದು ಬಂತು, ಚರ್ಚೆ ಮಾತ್ರ ಹಿಂದೆ ಸರಿಯಿತು.

ಕೊಡುವ ಮನಸ್ಸು ಹುಡುಗರಿಗಿತ್ತು, ಕೊಡುವ ಬಗೆ ತಿಳಿದಿರಲಿಲ್ಲ. ಅದನ್ನು ಕಲಿಸಿದವಳು ಮೂಫ್ತಾರ್ ಬಡಾವಣೆಯ ಬಡವರ ನಡುವೆ ಬಾಳಿದ ಸನ್ಯಾಸಿನಿ ರೋಸಾಲಿ ರಾಂದ್ಯು. ಯಾರ ಮನೆಗೆ ಹೋಗಬೇಕೆಂಬುದನ್ನು ಆಕೆಯೇ ತೋರಿಸಿಕೊಟ್ಟಳು. ಬಡವನನ್ನು ತಮ್ಮ ಬಾಗಿಲಿಗೆ ಕರೆಸಿಕೊಳ್ಳದೆ ತಾವೇ ಅವನ ಬಾಗಿಲಿಗೆ ಹೋಗುವುದು ಸಂಘದ ಮೂಲ ಪದ್ಧತಿಯಾಯಿತು. ನೋಡುವುದಕ್ಕೆ ಇದು ಸಣ್ಣ ವ್ಯತ್ಯಾಸ. ಆದರೆ ದಾನಿಯ ಅಂಗಳದಲ್ಲಿ ನಿಂತವನು ಯಾಚಕ. ತನ್ನ ಮನೆಯಲ್ಲಿ ಕುಳಿತವನು, ಆ ಮನೆ ಎಷ್ಟೇ ಮುರುಕಲಾಗಿರಲಿ, ಗೃಹಸ್ಥ. ಬಂದವರೇ ಅವನ ಅತಿಥಿಗಳು.

ಈ ಪದ್ಧತಿ ೧೮೪೫ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರಕ್ಕೆ ಬಂದಿತು. ಇಂದು ಅಲ್ಲಿನ ಶಾಖೆಗಳಿಗೆ ಬರುವ ಮೊರೆಗಳಲ್ಲಿ ಬಾಡಿಗೆಯದು ದೊಡ್ಡ ಪಾಲು. ದೂರವಾಣಿಯಲ್ಲಿ ಒಬ್ಬ ತಾಯಿಯ ಕರೆ ಬರುತ್ತದೆ: ಮಗುವಿಗೆ ಜ್ವರ ಬಂದು ಕೆಲಸಕ್ಕೆ ಹೋಗಲಿಲ್ಲ, ಕೂಲಿ ಕಡಿಮೆಯಾಯಿತು, ಬಾಡಿಗೆ ನಿಂತಿತು, ನೋಟೀಸು ಬಾಗಿಲಿಗೆ ಅಂಟಿದೆ. ಇಬ್ಬರು ಸ್ವಯಂಸೇವಕರು ಆ ಮನೆಗೆ ಹೋಗುತ್ತಾರೆ. ಒಬ್ಬರೇ ಹೋಗುವ ವಾಡಿಕೆಯಿಲ್ಲ. ಆಕೆಯ ಮತ ಯಾವುದೆಂಬುದರ ಮೇಲೆ ನೆರವು ನಿಲ್ಲುವುದಿಲ್ಲ. ಬಾಕಿಯೆಷ್ಟು, ಮುಂದಿನ ಸಂಬಳ ಎಂದು, ಮನೆಯೊಡೆಯ ಎಷ್ಟು ದಿನ ಕಾದಾನು ಎಂದು ಲೆಕ್ಕ ಹಾಕುತ್ತಾರೆ. ಚೆಕ್ಕನ್ನು ಸಾಮಾನ್ಯವಾಗಿ ಮನೆಯೊಡೆಯನ ಹೆಸರಿಗೇ ಬರೆಯುತ್ತಾರೆ. ಒಂದು ಶಾಖೆಯ ಗಂಟು ಸಾಲದಿದ್ದರೆ ನೆರೆಯ ಶಾಖೆಯನ್ನೋ ಬೇರೊಂದು ಧರ್ಮಸಂಸ್ಥೆಯನ್ನೋ ಕೇಳಿ ಮೊತ್ತವನ್ನು ಕೂಡಿಸುತ್ತಾರೆ. ಇದೆಲ್ಲ ಬೇಗ ಆಗಬೇಕು. ಕ್ಯಾಲಿಫೋರ್ನಿಯ, ಫ್ಲಾರಿಡ ಮುಂತಾದ ರಾಜ್ಯಗಳಲ್ಲಿ ಬಾಡಿಗೆ ಬಾಕಿಯ ನೋಟೀಸಿನ ಗಡುವು ಮೂರೇ ದಿನ. ಆಮೇಲೆ ವಿಷಯ ನ್ಯಾಯಾಲಯಕ್ಕೆ ಹೋಗಬಹುದು. ಒಮ್ಮೆ ಅಲ್ಲಿನ ದಾಖಲೆಗೆ ಸೇರಿದ ಹೆಸರು ಮುಂದಿನ ಮನೆ ಹುಡುಕುವಾಗಲೂ ಬೆನ್ನು ಹತ್ತುತ್ತದೆ. ಬಡತನದಿಂದ ಮನೆ ಹೋಗುವುದು ನಮಗೆ ಗೊತ್ತು. ಮನೆ ಹೋದದ್ದರಿಂದ ಬಡತನ ಬೆಳೆಯುವುದನ್ನು ಸಮಾಜಶಾಸ್ತ್ರಜ್ಞ ಮ್ಯಾಥ್ಯೂ ಡೆಸ್ಮಂಡ್ ಮಿಲ್ವಾಕಿ ನಗರದ ಸಂಸಾರಗಳ ನಡುವೆ ವಾಸವಿದ್ದು ನೋಡಿ, ೨೦೧೬ರಲ್ಲಿ ಪ್ರಕಟವಾದ ತನ್ನ 'ಇವಿಕ್ಟೆಡ್' ಎಂಬ ಗ್ರಂಥದಲ್ಲಿ ತೋರಿಸಿದ್ದಾನೆ.

ಇಷ್ಟು ಅಲ್ಪ ನೆರವಿನಿಂದ ಏನಾದೀತು ಎಂಬ ಸಂದೇಹ ಸಹಜ. ಇದಕ್ಕೆ ಷಿಕಾಗೋ ನಗರದಿಂದ ಒಂದು ಉತ್ತರ ಬಂದಿದೆ. ಬಾಡಿಗೆ ಕಟ್ಟಲಾರದವರು ನೆರವು ಕೇಳುವ ದೂರವಾಣಿ ಕೇಂದ್ರ ಅಲ್ಲಿತ್ತು. ನಿಧಿಯಲ್ಲಿ ಕೆಲವು ದಿನ ಹಣವಿರುತ್ತಿತ್ತು, ಕೆಲವು ದಿನ ಇರುತ್ತಿರಲಿಲ್ಲ. ಒಂದೇ ಬಗೆಯ ಕಷ್ಟದಲ್ಲಿದ್ದು, ಹಣವಿದ್ದ ದಿನ ಕರೆದವರನ್ನೂ ಇಲ್ಲದ ದಿನ ಕರೆದವರನ್ನೂ ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿದರು. ೨೦೧೬ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಹಣವಿದ್ದ ದಿನ ಕರೆದವರು ಆರು ತಿಂಗಳೊಳಗೆ ನಿರಾಶ್ರಿತರ ಧಾಮವನ್ನು ಸೇರುವ ಸಂಭವ ಶೇಕಡಾ ೭೬ರಷ್ಟು ಕಡಿಮೆ. ಧಾಮ ಸೇರಿದವರ ಸಂಖ್ಯೆ ಎರಡು ಗುಂಪುಗಳಲ್ಲಿಯೂ ಸಣ್ಣದೇ ಎಂಬುದನ್ನು ಮರೆಯಬಾರದು. ಕೈ ಬರಿದಾದ ಎಲ್ಲರೂ ಧಾಮದವರೆಗೆ ಹೋಗುವುದಿಲ್ಲ. ಆದರೂ ಇಬ್ಬರು ತಾಯಂದಿರ ನಡುವೆ ಮಂಗಳವಾರಕ್ಕೂ ಗುರುವಾರಕ್ಕೂ ಇರುವಷ್ಟೇ ಅಂತರವಿದ್ದಿತೆಂಬುದು ಮನಸ್ಸನ್ನು ಕದಡುವ ಸಂಗತಿ.

ಈ ಕೆಲಸದ ಕಠಿನ ಭಾಗ ಬೇರೆ ಇದೆ. ಈ ತಿಂಗಳ ಬಾಕಿ ತೀರಿಸಿದರೂ ಬರುವ ತಿಂಗಳ ಬಾಡಿಗೆಗೆ ದಾರಿಯೇ ಇಲ್ಲದ ಸಂಸಾರಕ್ಕೆ ಏನು ಹೇಳುವುದು? ಅಲ್ಲಿ ಕೊಟ್ಟ ಹಣ ನಾಲ್ಕು ವಾರದ ಮುಂದೂಡಿಕೆ ಮಾತ್ರ. ಅದೇ ಹಣ ಇನ್ನೊಂದು ಸಂಸಾರವನ್ನು ನಿಜವಾಗಿ ಉಳಿಸಬಹುದಾಗಿತ್ತು. ಅತಿಥಿಯಾಗಿ ಕುಳಿತು ಬಂದವರೇ ಮರುದಿನ 'ಆಗುವುದಿಲ್ಲ' ಎನ್ನಬೇಕಾಗುತ್ತದೆ. ಮನೆಮನೆಗೆ ಹೋಗುವ ಪದ್ಧತಿ ಈ ನೋವನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡದು. ಅರ್ಜಿಯನ್ನು ತಿರಸ್ಕರಿಸುವುದು ಸುಲಭ, ಮುಖವನ್ನು ತಿರಸ್ಕರಿಸುವುದು ಸುಲಭವಲ್ಲ. ನನ್ನ ದೃಷ್ಟಿಯಲ್ಲಿ ಅದೇ ಅದರ ಹಿರಿಮೆ.

ದಾನದಿಂದಲೇ ಎಲ್ಲವೂ ಸರಿಹೋದೀತೆಂದು ಓಜಾನಾಂ ನಂಬಿದವನಲ್ಲ. ಲಿಯಾನಿನಲ್ಲಿ ವಾಣಿಜ್ಯ ನ್ಯಾಯಶಾಸ್ತ್ರವನ್ನು ಬೋಧಿಸುತ್ತಿದ್ದಾಗ ಕೂಲಿಗಾರನಿಗೆ ಸಲ್ಲಬೇಕಾದ ವೇತನದ ಪ್ರಶ್ನೆಯನ್ನು ತರಗತಿಯಲ್ಲಿಯೇ ಎತ್ತಿದ್ದ. ಡಾಂಟೆಯನ್ನು ಕುರಿತು ಪ್ರೌಢಪ್ರಬಂಧ ಬರೆದು, ೧೮೪೪ರಲ್ಲಿ ಸೊರ್ಬಾನಿನಲ್ಲಿ ವಿದೇಶೀ ಸಾಹಿತ್ಯದ ಪೀಠವನ್ನೇರಿದ ಮೇಲೂ ಬಡವರ ಮನೆಗಳಿಗೆ ಹೋಗುವುದನ್ನು ಬಿಡಲಿಲ್ಲ. ೧೮೫೩ರಲ್ಲಿ, ನಾಲ್ವತ್ತು ವರ್ಷಕ್ಕೇ, ತೀರಿಕೊಂಡ. ಅವನು ಎತ್ತಿದ ನ್ಯಾಯದ ಪ್ರಶ್ನೆಯೂ ಹಾಗೆಯೇ ನಿಂತಿದೆ. ಅಮೆರಿಕದಲ್ಲಿ ಸರಕಾರದ ಬಾಡಿಗೆ ನೆರವಿಗೆ ಅರ್ಹವಾದ ನಾಲ್ಕು ಸಂಸಾರಗಳಲ್ಲಿ ಅದು ದೊರಕುವುದು ಸುಮಾರಾಗಿ ಒಂದಕ್ಕೆ. ೨೦೨೪ರ ಜನವರಿಯ ಒಂದು ರಾತ್ರಿ ನಡೆದ ಎಣಿಕೆಯಲ್ಲಿ ಮನೆಯಿಲ್ಲದವರು ೭,೭೧,೪೮೦ ಮಂದಿ. ಇಷ್ಟು ಜನರ ಎದುರಿಗೆ ಊರಿಗೊಂದು ಶಾಖೆಯ ಗಂಟು ಎಷ್ಟರದು ಎಂಬುದು ಸ್ವಯಂಸೇವಕರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ಆ ಗಂಟು ಕೂಡುವ ರೀತಿಗಳಲ್ಲೊಂದು ಹಳೆಯದು. ಶಾಖೆಯ ಸಭೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಸದಸ್ಯರು ಕೈಲಾದಷ್ಟನ್ನು ಅದರೊಳಗೆ ಹಾಕುತ್ತಾರೆ. ಯಾರು ಎಷ್ಟು ಹಾಕಿದರೆಂಬುದು ಪಕ್ಕದವರಿಗೂ ತಿಳಿಯುವುದಿಲ್ಲ.