ಹ್ಯಾಮ್ ರೇಡಿಯೋ ಪರೀಕ್ಷೆ ಏನನ್ನು ಕೇಳಬೇಕು?

ಹನ್ನೆರಡು ವರ್ಷ ತುಂಬಿದ ನಿಮ್ಮ ಮಗಳು ಸ್ಕೂಟರ್ ಓಡಿಸುವಂತಿಲ್ಲ, ಮತ ಹಾಕುವಂತಿಲ್ಲ. ಆದರೆ ಕೇಂದ್ರ ಸರಕಾರದ ಒಂದು ಪರೀಕ್ಷೆಗೆ ಕೂರುವ ವಯಸ್ಸು ಅವಳಿಗಾಗಿದೆ ಎಂಬುದು ನಿಮಗೆ ಗೊತ್ತೇ? ಅದರಲ್ಲಿ ಪಾಸಾಗಿ ಲೈಸೆನ್ಸ್ ಪಡೆದವರು ತಮ್ಮದೇ ರೇಡಿಯೋ ಕೇಂದ್ರದಿಂದ ಜಪಾನಿನವರೊಡನೆಯೂ ಜೋರ್ಡಾನಿನವರೊಡನೆಯೂ ಮಾತನಾಡಬಹುದು. ಮೊಬೈಲ್ ಗೋಪುರ ಬೇಡ, ಇಂಟರ್‌ನೆಟ್ ಬೇಡ. ಒಂದು ಯಂತ್ರ, ಒಂದು ಬ್ಯಾಟರಿ, ತಾರಸಿಯ ಮೇಲೆ ಕಟ್ಟಿದ ಒಂದು ತಂತಿ ಸಾಕು. ಇದನ್ನೇ ಅಮೆಚೂರ್ ರೇಡಿಯೋ ಅಥವಾ ಹ್ಯಾಮ್ ರೇಡಿಯೋ ಎನ್ನುತ್ತಾರೆ. ಜೋರ್ಡಾನಿನ ದೊರೆಯಾಗಿದ್ದ ಹುಸೈನ್ ಅವರೂ ಒಬ್ಬ ಹ್ಯಾಮ್. ‘ಜೆವೈ1’ ಎಂಬುದು ಅವರ ಕರೆ ಸಂಕೇತ. ನಮ್ಮ ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರದು ‘ವಿಯು2ಆರ್‌ಜಿ’.

ದೊರೆಗಳ ಹವ್ಯಾಸ ನಮಗೇಕೆ ಎಂದು ನೀವು ಕೇಳಬಹುದು. ಹಾಗಾದರೆ 2004ರ ಡಿಸೆಂಬರ್ 26ನ್ನು ನೆನಪಿಸಿಕೊಳ್ಳಿ. ಆ ದಿನಗಳಲ್ಲಿ ಭಾರತಿ ಪ್ರಸಾದ್ ಎಂಬ ಮಹಿಳೆ ಹೈದರಾಬಾದಿನ ರಾಷ್ಟ್ರೀಯ ಅಮೆಚೂರ್ ರೇಡಿಯೋ ಸಂಸ್ಥೆಯ ತಂಡದೊಡನೆ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು. ಅಂಡಮಾನಿನಿಂದ ಹ್ಯಾಮ್ ಸಂಕೇತ ಕೇಳಿಬರುವುದು ಬಹಳ ಅಪರೂಪವಾಗಿದ್ದುದರಿಂದ ಜಗತ್ತಿನ ಹವ್ಯಾಸಿಗಳು ಅವರ ಕೇಂದ್ರವನ್ನು ಸಂಪರ್ಕಿಸಲು ಮುಗಿಬಿದ್ದಿದ್ದರು. ಅಂದು ಬೆಳಗ್ಗೆ ಭೂಮಿ ನಡುಗಿತು, ಸುನಾಮಿ ಬಂತು, ದ್ವೀಪಗಳ ದೂರವಾಣಿ ಸಂಪರ್ಕ ಕಡಿದುಹೋಯಿತು. ಹವ್ಯಾಸದ ಕೇಂದ್ರ ಆ ಕ್ಷಣದಲ್ಲೇ ತುರ್ತು ಕೇಂದ್ರವಾಯಿತು. ಯಾರು ಬದುಕಿದ್ದಾರೆ, ಯಾರ ಸುಳಿವಿಲ್ಲ, ಎಲ್ಲಿಗೆ ಏನು ಬೇಕು ಎಂಬ ಸುದ್ದಿಗಳು ಆ ಮೂಲಕ ಮುಖ್ಯ ಭೂಭಾಗವನ್ನು ತಲುಪತೊಡಗಿದವು. ತಂಡದವರು ಕಾರ್ ನಿಕೋಬಾರಿಗೂ ಹೋಗಿ ಕೇಂದ್ರ ತೆರೆದರು. ಇದಕ್ಕೆ ಸುಮಾರು ನಾಲ್ಕು ವರ್ಷ ಮೊದಲು, 2001ರ ಜನವರಿಯ ಕಛ್ ಭೂಕಂಪದಲ್ಲೂ ಹ್ಯಾಮ್‌ಗಳು ಇದೇ ಕೆಲಸ ಮಾಡಿದ್ದರು. ಪಶ್ಚಿಮ ಬಂಗಾಳದ ರೇಡಿಯೋ ಕ್ಲಬ್‌ನವರು ಗಂಗಾಸಾಗರ ಮೇಳದಲ್ಲಿ ದಾರಿ ತಪ್ಪಿದ ವೃದ್ಧರನ್ನು, ಮಹಿಳೆಯರನ್ನು ಅವರ ಮನೆಯವರೊಡನೆ ಸೇರಿಸುವುದಕ್ಕೇ ಹೆಸರಾಗಿದ್ದಾರೆ.

ಅಂದ ಮೇಲೆ ಇಂಥವರನ್ನು ಆರಿಸುವ ಪರೀಕ್ಷೆ ಹೇಗಿರಬೇಕು ಎಂಬುದು ಕೇವಲ ಹವ್ಯಾಸಿಗಳ ತಲೆನೋವಲ್ಲ. ನಾಳೆ ನಿಮ್ಮ ಗಂಡನದೋ ಮಗನದೋ ಹೆಸರು ಅವರ ಬಾಯಿಂದಲೇ ನಿಮ್ಮ ಊರಿಗೆ ತಲುಪಬೇಕಾಗಬಹುದು.

ನಮ್ಮಲ್ಲಿ 1978ರ ಅಮೆಚೂರ್ ಸೇವಾ ನಿಯಮಗಳಡಿ ರೂಪುಗೊಂಡ ಪರೀಕ್ಷೆಯಲ್ಲಿ ಎರಡು ಭಾಗಗಳಿವೆ. ಒಂದು ರೇಡಿಯೋ ವಿಜ್ಞಾನ, ಇನ್ನೊಂದು ನಿಯಮಗಳು. ರಿಸ್ಟ್ರಿಕ್ಟೆಡ್, ಜನರಲ್ ಎಂಬ ಎರಡು ದರ್ಜೆಗಳಲ್ಲಿ ಮೊದಲನೆಯದಕ್ಕೆ ಬರವಣಿಗೆ ಮಾತ್ರ. ಎರಡನೆಯದಕ್ಕೆ ಇವುಗಳ ಜೊತೆಗೆ ಮೋರ್ಸ್ ಸಂಕೇತವನ್ನು ನಿಮಿಷಕ್ಕೆ 8 ಪದಗಳ ವೇಗದಲ್ಲಿ ಕಳುಹಿಸಿ, ಸ್ವೀಕರಿಸಿ ತೋರಿಸಬೇಕೆಂದು ತಿದ್ದುಪಡಿಯಾದ ನಿಯಮ ಹೇಳುತ್ತದೆ. ಪರೀಕ್ಷೆ ನಡೆಸುವುದು ಕೇಂದ್ರದ ವೈರ್‌ಲೆಸ್ ವಿಭಾಗ. ಅದು ಗೊತ್ತುಮಾಡಿದ ಕೇಂದ್ರಗಳಲ್ಲಿ ಬೆಂಗಳೂರಿನ ಜೊತೆ ನಮ್ಮ ಮಂಗಳೂರೂ ಸೇರಿದೆ.

ಪಠ್ಯವೇನೋ ಸರಿಯೇ. ಆದರೆ ಪ್ರಶ್ನೆಗಳನ್ನು ಮೊದಲೇ ಉರು ಹೊಡೆದು ಪಾಸಾಗುವ ದಾರಿ ಎಲ್ಲೆಡೆಯೂ ಇದೆ. ಅಮೆರಿಕದಲ್ಲಂತೂ ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸಿ ಬಹಿರಂಗವಾಗಿಯೇ ಪ್ರಕಟಿಸುತ್ತಾರೆ. ಮೊದಲ ದರ್ಜೆಗೆ ನಾನೂರಕ್ಕೂ ಹೆಚ್ಚಿನ ಪ್ರಶ್ನೆಗಳ ಭಂಡಾರದಿಂದ 35ನ್ನು ಕೇಳುತ್ತಾರೆ, 26 ಸರಿಯಾದರೆ ಪಾಸು. ಭಂಡಾರ ತೆರೆದಿಡುವುದರಲ್ಲಿ ತಪ್ಪಿಲ್ಲ, ಬಡ ಮಗುವೂ ಖರ್ಚಿಲ್ಲದೆ ಓದಬಹುದು. ಆದರೆ ‘ಇಂಪಾರ್ಟೆಂಟ್ ಪ್ರಶ್ನೆ’ಗಳ ಗೈಡ್ ಹಿಡಿದು ಎಸ್ಸೆಸ್ಸೆಲ್ಸಿ ದಾಟಿಸಿದ ತಾಯಂದಿರಾದ ನಮಗೆ ಒಂದು ವಿಷಯ ಚೆನ್ನಾಗಿ ಗೊತ್ತು. ‘ಬಿ’ ಸರಿಯುತ್ತರ ಎಂದು ನೆನಪಿರುವುದಕ್ಕೂ ಅದು ಏಕೆ ಸರಿ ಎಂದು ಅರಿತಿರುವುದಕ್ಕೂ ಅಜಗಜಾಂತರವಿದೆ.

ಒಂದು ಉದಾಹರಣೆ ನೋಡಿ. ವೋಲ್ಟ್, ಆಂಪಿಯರ್‌ಗಳ ಸೂತ್ರ ಕೇಳಿದರೆ ಎಲ್ಲರೂ ಬರೆಯುತ್ತಾರೆ. ಅದನ್ನೇ ಹೀಗೆ ಕೇಳಿದರೆ? ಊರಲ್ಲಿ ಕರೆಂಟು ಹೋಗಿದೆ. ನಿಮ್ಮ ಬಳಿ 40 ಆಂಪಿಯರ್-ಗಂಟೆಯ ಒಂದು ಬ್ಯಾಟರಿ ಇದೆ. 100 ವ್ಯಾಟ್‌ನಲ್ಲಿ ಮಾತನಾಡುವಾಗ ಯಂತ್ರ 20 ಆಂಪಿಯರ್ ಎಳೆಯುತ್ತದೆ, ಆಲಿಸುವಾಗ 1 ಆಂಪಿಯರ್. ಗಂಟೆಗೆ ಹದಿನೈದು ನಿಮಿಷ ಮಾತ್ರ ಮಾತನಾಡಿದರೆ ಎಷ್ಟು ಹೊತ್ತು ಬಾಳುತ್ತದೆ? ಲೆಕ್ಕ ಹಾಕಿದರೆ ಸುಮಾರು ಏಳು ಗಂಟೆ. ಶಕ್ತಿಯನ್ನು 10 ವ್ಯಾಟ್‌ಗೆ ಇಳಿಸಿ, ಮಾತನಾಡುವಾಗ 4 ಆಂಪಿಯರ್ ಮಾತ್ರ ಎಳೆದರೆ ಅದೇ ಬ್ಯಾಟರಿ ಹೆಚ್ಚುಕಡಿಮೆ 23 ಗಂಟೆ ಬಾಳುತ್ತದೆ. ಶಕ್ತಿ ಹತ್ತನೇ ಒಂದಕ್ಕೆ ಇಳಿದರೂ ಆಚೆಯವರ ಯಂತ್ರದ ಮುಳ್ಳು ಎರಡು ಗೀಟಿನಷ್ಟೂ ಕೆಳಗಿಳಿಯುವುದಿಲ್ಲ, ಹೆಚ್ಚಿನ ವೇಳೆ ಮಾತು ತಲುಪಿಯೇ ತಲುಪುತ್ತದೆ. ಒಂದು ಸಿಲಿಂಡರನ್ನು ತಿಂಗಳಿಡೀ ಹೊಂದಿಸುವ ಗೃಹಿಣಿಗೆ ಇದು ಹೊಸ ವಿದ್ಯೆಯೇನಲ್ಲ! ಪ್ರಶ್ನೆಪತ್ರಿಕೆ ಈ ಬುದ್ಧಿಯನ್ನು ಕೇಳಬೇಕು.

ಇನ್ನು ಸುರಕ್ಷತೆ. 7 ಮೆಗಾಹರ್ಟ್ಸ್‌ನ ಜನಪ್ರಿಯ ತರಂಗಕ್ಕೆ ಸುಮಾರು 20 ಮೀಟರ್ ಉದ್ದದ ತಂತಿ ಬೇಕು. ಮನೆಗೆ ಮನೆ ಅಂಟಿಕೊಂಡ ನಮ್ಮ ಬೀದಿಗಳಲ್ಲಿ, ತಾರಸಿಯ ಪಕ್ಕದಲ್ಲೇ ವಿದ್ಯುತ್ ತಂತಿ ಹಾದುಹೋಗುವ ಕಡೆ ಅದನ್ನು ಎಲ್ಲಿಂದ ಎಲ್ಲಿಗೆ ಕಟ್ಟಬೇಕು? ಕಟ್ಟಿದ್ದು ಗಾಳಿಗೆ ಕಡಿದರೆ ಯಾವುದರ ಮೇಲೆ ಬೀಳುತ್ತದೆ? ಗುಡುಗು ಶುರುವಾದಾಗ ಮೊದಲು ಏನನ್ನು ಕಳಚಬೇಕು? ಒಂದು ಮನೆಯ ಚಿತ್ರ ಕೊಟ್ಟು ಇಷ್ಟನ್ನು ಕೇಳಿದರೆ ಸಾಕು. ಇದರಲ್ಲಿ ತಪ್ಪಿದವರಿಗೆ ಉಳಿದುದರಲ್ಲಿ ನೂರಕ್ಕೆ ನೂರು ಬಂದರೂ ಲೈಸೆನ್ಸ್ ಕೊಡಬಾರದು. ಜೀವದ ವಿಷಯದಲ್ಲಿ ಸರಾಸರಿ ಅಂಕ ಎಂಬುದು ಬೇಡ.

ಮೋರ್ಸ್ ಬೇಕೇ ಬೇಡವೇ ಎಂಬ ಜಗಳ ಹಳೆಯದು. 2003ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೋ ಸಮ್ಮೇಳನವು ಅದರ ಕಡ್ಡಾಯವನ್ನು ತೆಗೆದು ತೀರ್ಮಾನವನ್ನು ಆಯಾ ದೇಶಗಳಿಗೆ ಬಿಟ್ಟಿತು. ಬ್ರಿಟನ್ ಅದೇ ವರ್ಷ ಕೈಬಿಟ್ಟಿತು, ಅಮೆರಿಕ 2007ರಲ್ಲಿ. ಮೋರ್ಸ್‌ನ ಗುಣವನ್ನು ಅಲ್ಲಗಳೆಯಲಾಗದು. ಮಾತಿಗೆ ಎರಡೂವರೆ-ಮೂರು ಸಾವಿರ ಹರ್ಟ್ಸ್ ಅಗಲದ ಜಾಗ ಬೇಕಾದರೆ ಮೋರ್ಸ್‌ಗೆ ನೂರೈವತ್ತರ ಆಸುಪಾಸು ಸಾಕು. ಗದ್ದಲದ ನಡುವೆ ಮಾತು ಮುಳುಗಿಹೋದಾಗಲೂ ಅದರ ಚುಕ್ಕೆ-ಗೆರೆಗಳು ಕೇಳಿಸುತ್ತವೆ. ಆಸಕ್ತಿಯುಳ್ಳವರು ಖಂಡಿತ ಕಲಿಯಲಿ. ಆದರೆ ‘ನಾವು ಕಷ್ಟಪಟ್ಟು ಬಂದೆವು, ಇವರೂ ಪಡಲಿ’ ಎಂಬ ಒಂದೇ ಕಾರಣಕ್ಕೆ ಅದನ್ನು ಬಾಗಿಲ ಕಾವಲಿಗೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಅತ್ತೆ ಪಟ್ಟ ಕಷ್ಟವನ್ನು ಸೊಸೆಯೂ ಪಡಲಿ ಎಂಬ ವಾದದಂತೆಯೇ ಇದು.

ಹಾಗಾದರೆ ಅತಿ ಮುಖ್ಯವಾಗಿ ಏನನ್ನು ಪರೀಕ್ಷಿಸಬೇಕು? ನನ್ನ ಅಭಿಪ್ರಾಯದಲ್ಲಿ, ಒಂದು ಸಂದೇಶವನ್ನು ಕೂದಲೆಳೆಯಷ್ಟೂ ಕೊಂಕದಂತೆ ದಾಟಿಸುವ ಶಕ್ತಿಯನ್ನು.

ನೆರೆ ಪರಿಹಾರ ಶಿಬಿರವೊಂದನ್ನು ಕಲ್ಪಿಸಿಕೊಳ್ಳಿ. ಅಲ್ಲಿ ನಾಲ್ಕು ಮಂದಿ ಖದೀಜಾ, ಮೂವರು ಆಯಿಶಾ, ಲೆಕ್ಕವಿಲ್ಲದಷ್ಟು ಮುಹಮ್ಮದ್! ಆಯಿಶಾ ಎಂಬ ಹೆಸರನ್ನೇ ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆಯುತ್ತಾರೆ. ತಂದೆಯ ಹೆಸರು, ಊರು, ವಯಸ್ಸು ಸೇರಿಸದೆ ‘ಆಯಿಶಾ ಸುರಕ್ಷಿತ’ ಎಂದು ಹೇಳಿಬಿಟ್ಟರೆ ಮೂರು ಮನೆಗಳಲ್ಲಿ ಸಂತಸ, ಅವುಗಳಲ್ಲಿ ಎರಡಕ್ಕೆ ಆಮೇಲೆ ಎರಡನೇ ಸಲದ ಆಘಾತ. ‘ಫಿಫ್ಟೀನ್’ ಎಂದದ್ದು ಗದ್ದಲದಲ್ಲಿ ‘ಫಿಫ್ಟಿ’ ಆಗುತ್ತದೆ. ಹದಿನೈದು ಸೀಸೆ ಔಷಧ ಐವತ್ತಾಗುತ್ತದೆ, ಇಲ್ಲವೇ ಐವತ್ತು ಹದಿನೈದಾಗುತ್ತದೆ. ರಕ್ತದ ಗುಂಪು ‘ಬಿ’ ಎಂದರೆ ಆಚೆಗೆ ‘ಡಿ’ ಎಂದೋ ‘ಇ’ ಎಂದೋ ಕೇಳಿಸಬಹುದು. ಆದ್ದರಿಂದಲೇ ರೇಡಿಯೋದವರು ಬಿ ಎನ್ನದೆ ‘ಬ್ರಾವೋ’ ಎನ್ನುತ್ತಾರೆ. ಹದಿನೈದು ಎನ್ನದೆ ‘ಒಂದು, ಐದು’ ಎಂದು ಅಂಕಿಗಳನ್ನು ಬಿಡಿಸುತ್ತಾರೆ. ಸಂದೇಶದ ತಲೆಯಲ್ಲೇ ಅದರಲ್ಲಿರುವ ಪದಗಳ ಸಂಖ್ಯೆಯನ್ನು ಹೇಳುವ ಪದ್ಧತಿಯೂ ಇದೆ. ಬರೆದುಕೊಂಡವರು ಎಣಿಸಿ ನೋಡುತ್ತಾರೆ. ಲೆಕ್ಕ ತಾಳೆಯಾಗದಿದ್ದರೆ ಮತ್ತೆ ಕೇಳುತ್ತಾರೆ. ಕೊನೆಗೆ ಬರೆದುಕೊಂಡದ್ದನ್ನು ಕಳುಹಿಸಿದವರಿಗೆ ಓದಿ ಹೇಳುತ್ತಾರೆ.

ಈ ಓದಿ ಒಪ್ಪಿಸುವ ಕ್ರಮ ನಮಗೆ ಅಪರಿಚಿತವಲ್ಲ. ಹಿಫ್‌ಝ್ ಮಾಡುವ ಮಗು ಉಸ್ತಾದರ ಮುಂದೆ ಕುಳಿತು ಪಾಠ ಒಪ್ಪಿಸುತ್ತದೆ. ಒಂದು ಸ್ವರಚಿಹ್ನೆ ತಪ್ಪಿದರೂ ಉಸ್ತಾದರು ಅಲ್ಲಿಯೇ ತಡೆಯುತ್ತಾರೆ. ಹದೀಸ್ ಕಲಿಯುತ್ತಿದ್ದವರು ಬರೆದುಕೊಂಡದ್ದನ್ನು ಗುರುಗಳಿಗೇ ಓದಿ ಕೇಳಿಸಿ ಖಚಿತಪಡಿಸಿಕೊಳ್ಳುತ್ತಿದ್ದರು. ಯಾರಿಂದ ಯಾರು ಕೇಳಿದರು ಎಂಬ ಸರಪಣಿಯಿಲ್ಲದೆ ಮಾತಿಗೆ ಬೆಲೆಯಿರಲಿಲ್ಲ. ಸುದ್ದಿ ಬಂದಾಗ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕೆಂದು ಸೂರಃ ಅಲ್ ಹುಜುರಾತ್ ಕಲಿಸುತ್ತದೆ. ಸುನಾಮಿಯಂಥ ವೇಳೆ ‘ಇನ್ನೊಂದು ಅಲೆ ಬರುತ್ತಿದೆಯಂತೆ’ ಎಂಬ ಗಾಳಿಮಾತು ರೇಡಿಯೋದಲ್ಲಿ ಹರಿದರೆ ನೂಕುನುಗ್ಗಲಿಗೇ ಜೀವ ಹೋಗಬಹುದು. ‘ಇದನ್ನು ನಾನು ಕಣ್ಣಾರೆ ಕಂಡೆ’, ‘ಇದನ್ನು ಇಂಥ ಅಧಿಕಾರಿ ಹೇಳಿದರು’, ‘ಇದು ಕೇಳಿದ ಮಾತು’ ಎಂದು ಬಿಡಿಸಿ ಹೇಳಲು ಬರುತ್ತದೆಯೇ? ಇದನ್ನು ಪರೀಕ್ಷೆ ಅಳೆಯಬೇಕು.

ಅದೇ ಸೂರಃದಲ್ಲಿ ಇನ್ನೊಬ್ಬರ ಗುಟ್ಟನ್ನು ಕೆದಕಬಾರದೆಂಬ ಬೋಧನೆಯೂ ಇದೆ. ಹ್ಯಾಮ್ ನಿಯಮವೂ ಇಲ್ಲಿ ಬಿಗಿಯಾಗಿದೆ. ತನಗಲ್ಲದ ಸಂದೇಶ ಕಿವಿಗೆ ಬಿದ್ದರೆ ಅದನ್ನು ಇತರರಿಗೆ ಹೇಳುವಂತಿಲ್ಲ. ರೇಡಿಯೋ ಮುಂದೆ ಕುಳಿತವರಿಗೆ ಎಷ್ಟೋ ಮಾತು ಕೇಳಿಸುತ್ತದೆ. ವ್ಯಾಪಾರದ ಮಾತು ಕೂಡದು, ಹಾಡು ಹಾಕಕೂಡದು, ತನ್ನ ಕರೆ ಸಂಕೇತ ಮರೆಮಾಚಕೂಡದು ಎಂಬ ನಿಯಮಗಳನ್ನು ಪಟ್ಟಿಯಾಗಿ ಕೇಳುವುದಕ್ಕಿಂತ ಸನ್ನಿವೇಶವಾಗಿ ಕೇಳುವುದು ಮೇಲು. ನೆರೆಮನೆಯಾಕೆ ಬಂದು ‘ನಿನ್ನ ಯಂತ್ರದಲ್ಲಿ ನನ್ನ ತಮ್ಮನಿಗೆ ಸೀರೆಯ ಆರ್ಡರ್ ಹೇಳಿಬಿಡು’ ಎಂದರೆ ನೀವು ಏನೆನ್ನುತ್ತೀರಿ? ಇಬ್ಬರು ತುರ್ತು ಮಾತಿನಲ್ಲಿರುವಾಗ ನಿಮ್ಮ ಬಳಿಯೂ ಒಂದು ಸುದ್ದಿ ಇದೆ, ಆದರೆ ತುರ್ತಿನದಲ್ಲ. ಎಷ್ಟು ಹೊತ್ತು ಬಾಯಿ ಮುಚ್ಚಿ ಕಾಯುತ್ತೀರಿ? ಒಳ್ಳೆಯ ಹ್ಯಾಮ್ ಮಾತನಾಡುವುದಕ್ಕಿಂತ ಹೆಚ್ಚು ಹೊತ್ತು ಆಲಿಸುತ್ತಾನೆ ಎಂದು ಬಲ್ಲವರು ಹೇಳುತ್ತಾರೆ. ಬರೆಯುವ ಪರೀಕ್ಷೆಯಲ್ಲಿ ಕಿವಿಗೆ ಅಂಕವೇ ಇಲ್ಲದಿರುವುದು ವಿಚಿತ್ರ.

ಪ್ರಾಯೋಗಿಕ ಪರೀಕ್ಷೆಯನ್ನು ಸೇರಿಸಿದರೆ ಅದು ಹೆಣ್ಣುಮಕ್ಕಳಿಗೆ ಇನ್ನಷ್ಟು ಹೊರೆಯಾಗದೇ ಎಂಬ ಆಕ್ಷೇಪವಿದೆ, ಅದು ನ್ಯಾಯವಾದದ್ದು. ಬೀದರಿನಿಂದ ಬೆಂಗಳೂರಿಗೆ ಒಂದು ಸಲ ಬರುವುದೇ ಹುಡುಗಿಗೆ ಕಷ್ಟ, ಎರಡು ಸಲ ಬರಲು ಯಾವ ಮನೆಯಲ್ಲಿ ಒಪ್ಪುತ್ತಾರೆ? ಬ್ರಿಟನ್‌ನಲ್ಲಿ 2002ರಲ್ಲಿ ಆರಂಭವಾದ ಫೌಂಡೇಶನ್ ದರ್ಜೆಯಲ್ಲಿ ಸ್ಥಳೀಯ ಕ್ಲಬ್‌ಗಳಲ್ಲೇ ಪ್ರಾಯೋಗಿಕ ಭಾಗ ಮುಗಿಸಿಕೊಳ್ಳುವ ವ್ಯವಸ್ಥೆಯಿತ್ತು. 2020ರಲ್ಲಿ ಕೋವಿಡ್ ಬಂದು ಪರೀಕ್ಷೆ ಮನೆಯಿಂದಲೇ ಆದಾಗ ಆ ಭಾಗವನ್ನು ಕೈಬಿಟ್ಟರು. ಮನೆಯಿಂದ ಬರೆಯುವ ಅನುಕೂಲ ಎಷ್ಟೋ ಮಂದಿಗೆ ಬಾಗಿಲು ತೆರೆಯಿತು, ಕೈಕೆಲಸದ ಪಾಠ ಮಾತ್ರ ಹೋಯಿತು. ನಮ್ಮಲ್ಲಿ ಎರಡನ್ನೂ ಉಳಿಸಿಕೊಳ್ಳಬಹುದು. ಸಂದೇಶ ದಾಟಿಸುವ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಅದೇ ದಿನ, ಅದೇ ಕೋಣೆಯಲ್ಲಿ, ಗದ್ದಲ ಬೆರೆಸಿದ ಒಂದು ಧ್ವನಿಮುದ್ರಿಕೆ ಕೇಳಿಸಿ ಬರೆದುಕೊಳ್ಳಲು ಹೇಳಿದರೆ ಹತ್ತು ನಿಮಿಷದ ಕೆಲಸ. ಕನ್ನಡದಲ್ಲೂ ಕೇಳಿಸಬೇಕು, ಏಕೆಂದರೆ ನೆರೆ ಬಂದಾಗ ಕೊಡಗಿನ ಅಜ್ಜಿ ಇಂಗ್ಲಿಷಿನಲ್ಲಿ ಕಷ್ಟ ಹೇಳಿಕೊಳ್ಳುವುದಿಲ್ಲ. ಪರೀಕ್ಷೆ ಮಕ್ಕಳ ಇಂಗ್ಲಿಷನ್ನು ಅಳೆಯಲು ಇರುವುದಲ್ಲ.

ಆಸಕ್ತಿ ಹುಟ್ಟಿದ್ದರೆ ಇಂದು ರಾತ್ರಿಯೇ ಮನೆಯಲ್ಲಿ ಒಂದು ಪ್ರಯೋಗ ಮಾಡಿ ನೋಡಿ. ಎರಡು ಹೆಸರು, ಒಂದು ಮನೆ ನಂಬರು, ಒಂದು ಔಷಧದ ಪ್ರಮಾಣ, ಒಂದು ಸಮಯ ಬರುವಂತೆ ಇಪ್ಪತ್ತೈದು ಪದಗಳ ಸಂದೇಶವೊಂದನ್ನು ಬರೆಯಿರಿ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರಲಿ. ಮಗಳು ಬಾಗಿಲಾಚೆ ನಿಂತು ಒಂದೇ ಒಂದು ಸಲ ಓದಲಿ, ನೀವು ಬರೆದುಕೊಳ್ಳಿ. ನಿಮ್ಮ ಚೀಟಿಯಿಂದ ಅತ್ತೆಗೆ ಓದಿ, ಅವರು ಬರೆದುಕೊಳ್ಳಲಿ. ಆಮೇಲೆ ಮೂರು ಚೀಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ಪದಗಳನ್ನು ಎಣಿಸಿ.