ಲಾನಿನಡಿಯ ಕೆಂಪು ಗೊಣ್ಣೆ

ಮೈಸೂರಿನಲ್ಲಿರುವ ಭಾವನ ಮನೆಯ ಲಾನಿಗೆ ಹುಳು ಬಿದ್ದಿದೆ ಎಂದು ಭಾವನಿಗಿಂತ ಮೊದಲು ಗೊತ್ತಾದದ್ದು ಗೊರವಂಕಗಳಿಗೆ. ಆಗಸ್ಟ್ ಮೊದಲ ಭಾನುವಾರ ನಾನು ಗೇಟು ತೆಗೆದಾಗ ಹತ್ತು ಹದಿನೈದು ಗೊರವಂಕ, ಎರಡು ಕಾಗೆ, ಸ್ವಲ್ಪ ದೂರದಲ್ಲಿ ಗಂಭೀರವಾಗಿ ಒಂದು ಕೆಂಬೂತ, ಎಲ್ಲ ಸೇರಿ ಹುಲ್ಲು ಕೆದರುತ್ತಿದ್ದವು. ಭಾವ ಪೇಪರ್ ಸುರುಳಿ ಸುತ್ತಿಕೊಂಡು ಅವನ್ನು ಅಟ್ಟುತ್ತಿದ್ದರು. ‘ದುಡ್ಡು ಕೊಟ್ಟು ಹಾಸಿದ ಹುಲ್ಲು ಕಣಯ್ಯಾ, ಎಲ್ಲಾ ಕಿತ್ತಾಕ್ತವೆ!’

ಅಲ್ಲಲ್ಲಿ ತಟ್ಟೆಯಗಲದ ಹಳದಿ ಕಲೆಗಳಿದ್ದವು. ನೀರು ಸಾಲದು ಎಂದುಕೊಂಡು ಭಾವ ದಿನಕ್ಕೆರಡು ಸಲ ಪೈಪು ಹಿಡಿಯುತ್ತಿದ್ದರು. ಮಾಲಿ ಬಂದವನು ಏನೂ ಮಾತಾಡದೆ ಕಲೆಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತ. ಎರಡು ಕೈಯಲ್ಲಿ ಹುಲ್ಲು ಹಿಡಿದು ಎಳೆದ. ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಬಂತು. ಕೆಳಗೆ ಒಂದೇ ಒಂದು ಬೇರಿಲ್ಲ. ಒದ್ದೆ ಮಣ್ಣಿನಲ್ಲಿ, ಅರ್ಧ ತಿಂದಿಟ್ಟ ಕೋಡುಬಳೆಗಳ ಹಾಗೆ ಸುರುಟಿಕೊಂಡು ಬೆಳ್ಳಗೆ ಮಲಗಿದ್ದವು ಗೊಣ್ಣೆಹುಳುಗಳು. ಕಂದು ತಲೆ, ತುಂಬಿದ ಮೈ, ಹಿಂಬದಿಯಲ್ಲಿ ಮಣ್ಣು ತುಂಬಿದ ಕಪ್ಪು ಚೀಲ. ಒಂದು ಅಡಿ ಚೌಕದಲ್ಲಿ ಹನ್ನೊಂದು ಎಣಿಸಿದೆ. ಭಾವ ಪೇಪರ್ ಕೆಳಗಿಟ್ಟರು. ಗೊರವಂಕಗಳು ಮತ್ತೆ ಇಳಿದವು.

ಭಾವ ಸಾವಯವದ ಮನುಷ್ಯ. ವಿಷ ಹಾಕುವುದಿಲ್ಲ ಎಂಬ ಹಟಕ್ಕೆ ನನ್ನ ಪೂರ್ತಿ ಬೆಂಬಲವಿದೆ. ಮೊಮ್ಮಕ್ಕಳು ಬರಿಗಾಲಲ್ಲಿ ಆಡುವ ಜಾಗ ಅದು. ಆದರೆ ಅವರ ಔಷಧಿಗಳ ಬಗ್ಗೆ ನನಗೆ ಮೊದಲಿಂದಲೂ ಗುಮಾನಿ. ಬೂದಿ ಎರಚಿದ್ದರು, ಹುಳಿ ಮಜ್ಜಿಗೆ ಸುರಿದಿದ್ದರು, ಬೆಳ್ಳುಳ್ಳಿ-ಮೆಣಸಿನಕಾಯಿ ಕಷಾಯ ಚಿಮುಕಿಸಿದ್ದರು, ಎಲ್ಲದರ ಮೇಲೆ ಬೇವಿನೆಣ್ಣೆ. ಎಲೆ ಮೇಲೆ ಕೂತ ಹೇನಿಗೆ ಬೇವು ಒಳ್ಳೆಯದೇ. ನಾಲ್ಕಿಂಚು ಕೆಳಗೆ ಬೇರು ಮೆಲ್ಲುತ್ತಿರುವವನಿಗೆ ಮೇಲೆ ಎರಚಿದ ಎಣ್ಣೆಯ ವಾಸನೆಯೂ ತಟ್ಟುವುದು ಕಷ್ಟ. ಇನ್ನೂ ತಮಾಷೆಯೆಂದರೆ, ನಮ್ಮ ಕಡೆಯ ಗೊಣ್ಣೆಹುಳುವಿನ ತಾಯಿತಂದೆ, ಅಂದರೆ ಹೋಲೋಟ್ರೈಕಿಯಾ ಸೆರ್‍ರೇಟಾ ಎಂಬ ಕಂದು ದುಂಬಿ, ಬೇಸಿಗೆಯ ಮೊದಲ ಮಳೆ ಬಿದ್ದ ಸಂಜೆ ನೆಲದಿಂದ ಎದ್ದು ನೇರ ಹಾರುವುದೇ ಬೇವಿನ ಮರಕ್ಕೆ. ಅಲ್ಲೇ ಕೂಡುವುದು, ಅದರ ಎಲೆಯನ್ನೇ ಮೇಯುವುದು. ಬೆಳಗಾಗುವ ಮೊದಲು ಇಳಿದು ಮಣ್ಣು ಸೇರುತ್ತದೆ, ಮೊಟ್ಟೆಯನ್ನೂ ಮಣ್ಣಲ್ಲೇ ಇಡುತ್ತದೆ. ಭಾವನ ಕಾಂಪೌಂಡಿನ ಮೂಲೆಯಲ್ಲಿ ಇರುವುದು ಯಾವ ಮರ ಎಂದು ನಾನು ಬರೆಯಬೇಕಾಗಿಲ್ಲ.

ಹಾಗಾಗಿ ಕೆಲಸ ಶುರುವಾಗಬೇಕಿದ್ದದ್ದು ಆಗಸ್ಟಿನಲ್ಲಲ್ಲ, ಮುಂಗಾರಿಗೆ ಮುಂಚಿನ ಮಳೆಯಲ್ಲಿ. ಕತ್ತಲಾದ ಮೇಲೆ ಕೊಂಬೆ ಅಲ್ಲಾಡಿಸಿದರೆ ದುಂಬಿಗಳು ತಟತಟನೆ ಉದುರುತ್ತವೆ. ಕೆಳಗೆ ಹಳೇ ಪಂಚೆ ಹಾಸಿ ಬಾಚಿ ಸೋಪುನೀರಿಗೆ ಹಾಕುವುದು. ಬೀದಿಯವರೆಲ್ಲ ಒಂದೇ ವಾರ ಮಾಡಿದರೆ ಮಾತ್ರ ಲಾಭ. ಒಂದೇ ಮನೆಯವರು ಮಾಡಿದರೆ ಪಕ್ಕದ ಮನೆಯ ದುಂಬಿಗೆ ಜಾಗ ಖಾಲಿ ಮಾಡಿಕೊಟ್ಟ ಹಾಗೆ.

ಆಗಸ್ಟಿಗೆ ಉಳಿದ ದಾರಿ ನನಗೆ ಬಲು ಇಷ್ಟವಾದದ್ದು, ಹುಳುವಿನೊಳಗೆ ಹುಳು ಬಿಡುವುದು. ಕಣ್ಣಿಗೆ ಕಾಣದಷ್ಟು, ಅರ್ಧ ಮಿಲಿಮೀಟರ್ ಉದ್ದದ ಜಂತುಹುಳು. ಹೆಸರು ಹೆಟೆರೊರಾಬ್ಡೈಟಿಸ್ ಇಂಡಿಕಾ. ಸಿಕ್ಕಿದ್ದು ಕೊಯಮತ್ತೂರಿನಲ್ಲಿ, ಪಾಯ್ನರ್, ಕರುಣಾಕರ್, ಡೇವಿಡ್ ಎಂಬ ಮೂವರು ಅದಕ್ಕೆ ಹೆಸರಿಟ್ಟದ್ದು 1992ರಲ್ಲಿ. ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಅದನ್ನು ನೀರಿಗೆ ಕಲಸುವ ಪುಡಿಯಾಗಿಸಿತು. ಅಡಿಕೆ ತೋಟದ ಬೇರುಹುಳುವಿಗೆ ಬಳಸುವ ಮಲೆನಾಡಿನವರಿಗೆ ಇದು ಹೊಸದಲ್ಲ. ‘ಜಂತುಹುಳು’ ಎಂದ ಕೂಡಲೇ ಅಕ್ಕ ಮಾತ್ರ ಮುಖ ಸಿಂಡರಿಸಿದಳು. ‘ಮಕ್ಕಳಿಗೆ ಆರು ತಿಂಗಳಿಗೊಂದು ಮಾತ್ರೆ ಕೊಟ್ಟು ಅದನ್ನ ಕಳೀತೀವಿ, ನೀನು ಅಂಗಳಕ್ಕೆ ತಂದು ಸುರೀತೀಯೇನೋ?’ ಆ ಜಂತುವೇ ಬೇರೆ, ಇದು ಮನುಷ್ಯರನ್ನು ಮುಟ್ಟುವುದಿಲ್ಲ ಎಂದು ಒಪ್ಪಿಸಲು ಎರಡು ಲೋಟ ಕಾಫಿ ಖರ್ಚಾಯಿತು.

ಬಿಸಿಲು ತಾಗಿದರೆ ಅವು ಸಾಯುತ್ತವೆ. ಸಂಜೆ ಆರೂವರೆಗೆ, ನೆನೆದ ನೆಲಕ್ಕೆ, ಬಕೆಟ್ಟಿನಲ್ಲಿ ಕದಡಿದ ಪುಡಿಯನ್ನು ಮಾಲಿ ನೀರುಡಬ್ಬಿಯಲ್ಲಿ ಹೊಯ್ದ. ಮೇಲೆ ಮತ್ತೊಂದು ಸುತ್ತು ಬರೀ ನೀರು. ಆರು ಗೊಣ್ಣೆಗಳನ್ನು ಒದ್ದೆ ಮಣ್ಣಿನ ಜೊತೆ ಉಪ್ಪಿನಕಾಯಿ ಡಬ್ಬಕ್ಕೆ ಹಾಕಿ, ಅದಕ್ಕೂ ಅದೇ ನೀರು ಚಿಮುಕಿಸಿ ಇಟ್ಟೆವು. ನಾನು ಮಂಡ್ಯಕ್ಕೆ ವಾಪಸಾದೆ. ಮೂರನೇ ದಿನ ಭಾವನ ಫೋನ್: ‘ಕೆಂಪಾಗಿದೆ, ಬಾ.’

ನಾಲ್ಕು ಇಟ್ಟಿಗೆ ಕೆಂಪಾಗಿ ಮೆತ್ತಗಾಗಿದ್ದವು. ಎರಡು, ಎಲ್ಲಕ್ಕಿಂತ ದಪ್ಪನೆಯವು, ಆರಾಮವಾಗಿ ಓಡಾಡುತ್ತಿದ್ದವು. ಎಳೆಯ ಹುಳುವಿಗೆ ನಾಟುವಷ್ಟು ಬಲಿತದ್ದಕ್ಕೆ ನಾಟುವುದಿಲ್ಲ. ಜಂತು ಬಾಯಿಯಿಂದಲೋ ಉಸಿರಾಟದ ರಂಧ್ರದಿಂದಲೋ ಒಳಗೆ ಹೊಕ್ಕು ಹೊಟ್ಟೆಯಲ್ಲಿ ಹೊತ್ತು ತಂದ ಫೋಟೊರಾಬ್ಡಸ್ ಬ್ಯಾಕ್ಟೀರಿಯಾವನ್ನು ಕಕ್ಕುತ್ತದೆ. ಎರಡು ದಿನದೊಳಗೆ ಕೊಲ್ಲುವುದು ಅದು, ಬಣ್ಣ ಬರುವುದೂ ಅದರಿಂದ. ಹೆಣ ಕೊಳೆಯದಂತೆ ಬೇರೆ ಸೂಕ್ಷ್ಮಜೀವಿಗಳನ್ನು ದೂರ ಇಡುವುದೂ ಅದೇ. ಆ ಹೆಣದಲ್ಲೇ ಜಂತುಗಳ ಸಂಸಾರ ಬೆಳೆದು ವಾರವೆರಡರಲ್ಲಿ ಸಾವಿರಗಟ್ಟಲೆ ಹೊರಬೀಳುತ್ತವೆ.

ಆದರೆ ನಾನು ಬಸ್ಸು ಹತ್ತಿದ್ದು ಇನ್ನೊಂದಕ್ಕೆ. ಆ ಬ್ಯಾಕ್ಟೀರಿಯಾ ಕತ್ತಲಲ್ಲಿ ಮಿನುಗುತ್ತದೆ! ಹೊಳೆಯುವ ಬ್ಯಾಕ್ಟೀರಿಯಾಗಳೆಲ್ಲ ಹೆಚ್ಚುಕಡಿಮೆ ಸಮುದ್ರದವು. ನೆಲದ ಮೇಲಿನದು ಎಂದರೆ ಇದೇ. 1862ರ ಏಪ್ರಿಲ್‌ನಲ್ಲಿ, ಅಮೆರಿಕದ ಅಂತರ್ಯುದ್ಧದ ಶೈಲೋ ಕದನದಲ್ಲಿ ಚಳಿ ಕೆಸರಲ್ಲಿ ಬಿದ್ದಿದ್ದ ಗಾಯಾಳುಗಳ ಗಾಯ ರಾತ್ರಿ ಹೊಳೆದವಂತೆ, ಹೊಳೆದ ಗಾಯವೇ ಬೇಗ ಮಾಯಿತಂತೆ. 2001ರಲ್ಲಿ ಇಬ್ಬರು ಹೈಸ್ಕೂಲು ಹುಡುಗರು ಇದಕ್ಕೆ ಫೋಟೊರಾಬ್ಡಸ್ಸೇ ಕಾರಣವಿರಬೇಕೆಂದು ವಾದಿಸಿ ಅಂತರರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಬಹುಮಾನ ಗೆದ್ದರು. ಮನುಷ್ಯರ ಮೈಬಿಸಿಗೆ ಇದು ಬದುಕದು, ಆದರೆ ಚಳಿಗೆ ಮರಗಟ್ಟಿದ ಮೈಯಲ್ಲಿ ಬದುಕಬಹುದು ಎಂಬುದು ಅವರ ಲೆಕ್ಕ. ಯುದ್ಧದ ಕಾಲದ ಬರಹಗಳಲ್ಲಿ ಈ ಹೊಳಪಿಗೆ ಗಟ್ಟಿ ಸಾಕ್ಷಿಯಿಲ್ಲ ಎನ್ನುವವರಿದ್ದಾರೆ. ಇರಲಿ, ಕಥೆ ನನಗೆ ಬೇಕು.

ಸಾಮಾನು ಕೋಣೆಯ ಬಾಗಿಲು ಹಾಕಿ, ಸಂದಿಗೆ ಗೋಣಿಚೀಲ ತುರುಕಿ, ಭಾವನೂ ನಾನೂ ಅಕ್ಕಿ ಡ್ರಮ್ಮಿನ ಪಕ್ಕ ಹದಿನೈದು ನಿಮಿಷ ಕೂತೆವು. ಕಣ್ಣು ಕತ್ತಲಿಗೆ ಪಳಗಬೇಕಲ್ಲ. ಆಮೇಲೆ ಡಬ್ಬದ ತಳದಲ್ಲಿ ಏನೋ ತೆಳು ಹಸಿರು, ನೇರ ನೋಡಿದರೆ ಇಲ್ಲ, ಓರೆಗಣ್ಣಿಗೆ ಇದೆ. ‘ಕಂಡ್ತಾ ಭಾವ?’ ಎಂದೆ. ‘ನಂಗೆ ಕ್ಯಾಟರ‍್ಯಾಕ್ಟು ಕಣಯ್ಯಾ’ ಎಂದರು.

ಲಾನಿಗೂ ಈ ಜಂತುಗಳಿಗೂ ನಂಟು ಹಳೆಯದು. 1916ರಲ್ಲಿ ಅಮೆರಿಕದ ನ್ಯೂಜೆರ್ಸಿಯ ರಿವರ್ಟನ್‌ನ ನರ್ಸರಿಯೊಂದರಲ್ಲಿ ಜಪಾನಿ ದುಂಬಿ ಕಾಣಿಸಿಕೊಂಡು ಹುಲ್ಲುಹಾಸುಗಳನ್ನು ನುಂಗತೊಡಗಿತು. 1929ರಲ್ಲಿ ಅದೇ ರಾಜ್ಯದ ಗಾಲ್ಫ್ ಮೈದಾನವೊಂದರ ಗೊಣ್ಣೆಗಳಲ್ಲಿ ರುಡಾಲ್ಫ್ ಗ್ಲೇಸರ್ ಕಂಡ ಜಂತು ನಮ್ಮದರ ದಾಯಾದಿ, ಹೊಳೆಯುವುದಿಲ್ಲ ಅಷ್ಟೆ. ಗೊಣ್ಣೆಯ ರಕ್ತವನ್ನು ಹಾಲಿನಂತಾಗಿಸುವ ಬ್ಯಾಕ್ಟೀರಿಯಾದ ಪುಡಿಯನ್ನು ಅಲ್ಲಿನ ಸರ್ಕಾರವೇ ಹಂಚಿದ್ದೂ ಉಂಟು.

ಭಾವ ಹೊಸ ಹುಲ್ಲು ತರಿಸಲಿಲ್ಲ. ಬೋಳಾದ ಕಲೆಗಳಿಗೆ ಬೇಲಿಯಂಚಿನಿಂದ ಗರಿಕೆ ತಾನಾಗಿ ಹಬ್ಬಿತು. ಗಾಲ್ಫ್ ಮೈದಾನದವರು ಬರ್ಮುಡಾ ಎಂದು ಬೆಲೆ ಕಟ್ಟುವುದು ಇದೇ ಜಾತಿಗೆ. ಗಣಪತಿ ಹಬ್ಬಕ್ಕೆ ಅಕ್ಕ ಇಪ್ಪತ್ತೊಂದು ಎಸಳು ಅಲ್ಲಿಂದಲೇ ಕಿತ್ತಳು, ಬೇರು ಸಮೇತ ಬರುತ್ತದೋ ಎಂದು ಮೊದಲೊಮ್ಮೆ ಜಗ್ಗಿ ನೋಡಿ.